ಕಾದ ನೀರು

ಮೊದಲು ಎಣಿಸಿದ್ದು ಫ್ಯಾನುಗಳನ್ನು.
ಹನ್ನೊಂದು ನೂರಾ ಆರು.
ವೈರ್‌ಮನ್ ಚಾಂದಪಾಶಾ ನಿಚ್ಚಣಿಕೆ ಏರಿ ಕೂಗುತ್ತಾನೆ,
ನಾನು ಕೆಳಗೆ ನಿಂತು ಬರೆದುಕೊಳ್ಳುತ್ತೇನೆ:
"ಎಪ್ಪತ್ತೆಂಟು ವ್ಯಾಟು. ಬರಕೋ ಯವ್ವಾ.
ಗಾಳಿ ಕಡಿಮಿ, ಮಾತು ಜಾಸ್ತಿ."

ಮೇ ತಿಂಗಳ ಕಲಬುರಗಿ. ನಲವತ್ನಾಲ್ಕು.
ಬೇವಿನ ನೆರಳೂ ಬೇವಿನ ಬುಡ ಬಿಟ್ಟು ಹೊರಬರುವುದಿಲ್ಲ.
ವಿಶ್ವವಿದ್ಯಾಲಯದ ಕರೆಂಟು ಎಲ್ಲೆಲ್ಲಿ ಸೋರುತ್ತದೆ
ಹುಡುಕಿ ಕೊಡಿ ಎಂದು ಮಂಜೂರು ಮಾಡಿದ್ದು
ಒಂದು ಮೀಟರು, ಒಂದು ರಿಜಿಸ್ಟರು, ಮತ್ತು ನನ್ನನ್ನು.

ಅಪ್ಪ ಶಹಾಬಾದಿನ ಗಣಿಯಲ್ಲಿ ಫರಸಿ ಉಜ್ಜುವವನು.
ಕಲ್ಲಿನ ಗುಣ ನನಗೆ ಗೊತ್ತು:
ಹಗಲು ನುಂಗಿದ್ದನ್ನೆಲ್ಲ ರಾತ್ರಿ ತಿರುಗಿ ಕೊಡುತ್ತದೆ,
ಒಂದು ಡಿಗ್ರಿಯನ್ನೂ ತನಗೆಂದು ಇಟ್ಟುಕೊಳ್ಳದೆ.
ಅದಕ್ಕೇ ಹಾಸ್ಟೆಲಿನ ಮಾಳಿಗೆಗೆ ಸುಣ್ಣ ಬಳಿಸಿದೆ, ಎರಡು ಕೈ.
"ಮಾಳಿಗಿದು ಮದುವಿ ಏನ್ರೀ?" ಹುಡುಗಿಯರು ನಕ್ಕರು.
ಆ ರಾತ್ರಿ ಪಾದರಸ ನಾಲ್ಕು ಗೆರೆ ಇಳಿಯಿತು.
ನಗು ಇಳಿಯಲಿಲ್ಲ.

ಹೊಸ ಫ್ಯಾನು ಬಂದವು, ಇಪ್ಪತ್ತೆಂಟು ವ್ಯಾಟಿನವು.
ತಿರುಗುತ್ತವೆ, ಸಪ್ಪಳವಿಲ್ಲ.
ಇತಿಹಾಸ ವಿಭಾಗದ ಹಾಗರಗಿ ಸರ್
ಲಿಖಿತ ದೂರು ಕೊಟ್ಟರು:
ಇಪ್ಪತ್ತೊಂಬತ್ತು ವರ್ಷ ಆ ಕಿರ್ರ್ ಮೇಲೆ ಪಾಠ ನಡೆಸಿದ್ದೇನೆ,
ಈಗ ನನ್ನ ದನಿ ನನಗೇ ಕೇಳಿಸುತ್ತಿದೆ, ಸರಿಪಡಿಸಿ.
ಆ ಕಾಗದವನ್ನೂ ರಿಜಿಸ್ಟರಿಗೆ ಅಂಟಿಸಿದೆ,
ಯಾವ ಕಾಲಮ್ಮಿಗೆ ಸೇರಬೇಕು ತಿಳಿಯದೆ.

ಆದರೆ ರಾತ್ರಿಯ ಲೆಕ್ಕ ಕೂಡುತ್ತಿರಲಿಲ್ಲ.
ರಜೆ. ಕೋಣೆಗಳು ಅರ್ಧ ಖಾಲಿ. ಎರಡು ಗಂಟೆ.
ಎಲ್ಲ ಮಲಗಿದ ಮೇಲೂ ಮೀಟರು ಕಣ್ಣು ಮಿಟುಕಿಸುತ್ತದೆ.
"ಯಾರೋ ಎಚ್ಚರ ಅದಾರ," ಅಂದ ಚಾಂದಪಾಶಾ.
ಒಂದೊಂದೇ ಕಟ್ಟಡದ ಮೇನ್ ಇಳಿಸುತ್ತ ಹೋದೆವು
ಮಕ್ಕಳಿಗೆ ಚಾದರ ಹೊದಿಸುತ್ತ ಹೋದ ಹಾಗೆ.
ಆಡಳಿತ ಭವನದಲ್ಲಿ ಕೂಲರು
ಯಾರೂ ಕುಡಿಯದ ನೀರನ್ನು ತಣಿಸುತ್ತಿತ್ತು.
ಕಂಪ್ಯೂಟರ್ ಲ್ಯಾಬಿನಲ್ಲಿ ನಲವತ್ತು ಹಸಿರು ಚುಕ್ಕಿ.
ಒಂದು ನಾಯಿ ನಮ್ಮ ಹಿಂದೆ, ಲೆಕ್ಕ ತನಿಖೆಗೆ ಬಂದವರ ಗತ್ತಿನಲ್ಲಿ.
ಕೊನೆಗೆ ಉಳಿದದ್ದು ಹಳೆಯ ಅತಿಥಿಗೃಹ.
ಏಳು ವರ್ಷದ ಬೀಗ.

ಕೀಲಿಕೈಗೆ ಮೂರು ದಿನ, ಎರಡು ಸಹಿ.
ನಾಲ್ಕನೆಯ ರಾತ್ರಿ ಬಾಗಿಲು ತೆರೆದರೆ
ಪಾರಿವಾಳದ ಹಿಕ್ಕೆ, ಮಡಿಕೆ ಬಿಚ್ಚದ ಟವೆಲು,
ಕಾಗದದಲ್ಲೇ ಬಿರುಕು ಬಿಟ್ಟ ಚಂದನದ ಸೋಪು,
ಬಚ್ಚಲಿನ ಗೋಡೆಯ ಮೇಲೆ ಒಂದು ಕೆಂಪು ದೀಪ.
ಗೀಜರ್.

ಯಾವುದೋ ವಿಚಾರ ಸಂಕಿರಣಕ್ಕೆ ಬರಬೇಕಿದ್ದ
ಯಾರೋ ದೊಡ್ಡವರಿಗೆಂದು ಹಚ್ಚಿಟ್ಟದ್ದು.
ಅವರು ಬರಲಿಲ್ಲ. ನೀರು ಕಾಯಿತು.
ಆರಿತು, ಕಾಯಿತು, ಆರಿತು, ಮತ್ತೆ ಕಾಯಿತು,
ಏಳು ಬೇಸಿಗೆ,
ಚಳಿಯೆಂದರೆ ಡಿಸೆಂಬರಿನ ಹತ್ತು ದಿನ ಎನ್ನುವ ಊರಿನಲ್ಲಿ
ಬಾಗಿಲು ಹಾಕಿಕೊಂಡು, ಒಬ್ಬರ ಸ್ನಾನಕ್ಕೆ.
ಕಾಯುವುದಕ್ಕೂ ಕಾಯುವುದಕ್ಕೂ
ನಮ್ಮಲ್ಲಿ ಒಂದೇ ಮಾತು ಯಾಕೆಂದು
ಯಾವ ಮೇಷ್ಟರೂ ಹೇಳಿರಲಿಲ್ಲ.

ಚಾಂದಪಾಶಾ ಸ್ವಿಚ್ಚಿಗೆ ಕೈ ಹಾಕಲಿಲ್ಲ, ತಡೆದು ನಿಂತ.
"ಇದು ನಾನೇ ಹಚ್ಚಿದ್ದು, ಯವ್ವಾ.
ಹಚ್ಚು ಅಂದ್ರು, ಹಚ್ಚಿದೆ.
ಬಂದ್ ಮಾಡು ಅಂತ ಯಾರೂ ಹೇಳಲೇ ಇಲ್ಲ."

ವರದಿಯಲ್ಲಿ ಅದಕ್ಕೆ ಅರ್ಧ ಸಾಲು, ಇಪ್ಪತ್ತಾರನೆಯ ಪುಟ.
ದಿನಕ್ಕೆ ಎರಡು ಯೂನಿಟ್ಟು, ಅಷ್ಟೇ.
ಹೆಚ್ಚು ಉಳಿಸಿದ್ದು ಫ್ಯಾನು, ಸುಣ್ಣ, ಕೂಲರಿನ ಟೈಮರು;
ಕುಲಪತಿಗಳು ಮೆಚ್ಚಿಕೊಂಡದ್ದೂ ಅವನ್ನೇ.

ಆ ರಾತ್ರಿ ಮಾತ್ರ ಅವನು ನಳ ತಿರುವಿದ.
ಮೊದಲು ತುಕ್ಕು, ಆಮೇಲೆ ಹಬೆ.
ಬಕೀಟು ತುಂಬಿ ಹೊರಗೆ ತಂದು
ಬೇವಿನ ಬುಡಕ್ಕೆ ಸುರಿಯಲು ಬಗ್ಗಿದವನು
ಹಾಗೇ ಕೆಳಗಿಟ್ಟ: "ಬ್ಯಾಡ. ಬೇರು ಸುಡತಾವ."
ಮೆಟ್ಟಿಲ ಮೇಲೆ ಕೂತೆವು, ಅವನು, ನಾನು, ನಾಯಿ,
ನೀರು ಆರಲೆಂದು
ಕಾಯುತ್ತ.