ಪೆಟ್ರೋಲು ಎಲ್ಲಿಂದ ಬಂತು?

ಮುಯ್ನಾಕಿನಲ್ಲಿ ಶನಿವಾರ ರಾತ್ರಿ
ಮೀನಿನ ಕಾರ್ಖಾನೆಯ ಹಿಂಗೋಡೆಯಲ್ಲಿ
ನಾವೇ ಸುಣ್ಣ ಬಳಿದ ಚೌಕದೊಳಗೆ
ಲೋಕ ಮುಳುಗುತ್ತದೆ.
ಒಂಬತ್ತಕ್ಕೆ ಸರಿಯಾಗಿ, ಕರೆಂಟಿದ್ದರೆ.

‘ಮುಳುಗಲು ನೀರಾದರೂ ಬೇಡವೇ?’ ಎನ್ನುತ್ತಾನೆ ಸಾರ್ಸೆನ್‌ಬಾಯ್.
ಪ್ರತಿ ವಾರ ಇದನ್ನೇ ಹೇಳುತ್ತಾನೆ,
ಪ್ರತಿ ವಾರ ನಾವೂ ನಗುತ್ತೇವೆ.
ಇಪ್ಪತ್ತೆರಡು ವರ್ಷ ದೋಣಿ ಇಂಜಿನ್ನುಗಳ ಹೊಟ್ಟೆಗೆ ಕೈಹಾಕಿದವನು,
ಆಮೇಲೆ ಅವೇ ದೋಣಿಗಳನ್ನು ಗ್ಯಾಸಿನ ಉರಿಯಲ್ಲಿ ಕೊಯ್ದು
ಕಿಲೋ ಲೆಕ್ಕದಲ್ಲಿ ಮಾರಿದವನು;
ಮುಂದಿನ ಬೆಂಚು ಅವನದೇ.

ಪ್ರೊಜೆಕ್ಟರು ನನ್ನದು. ಮದುವೆಗಳಿಗೆ ಬಾಡಿಗೆ ಹೋಗುವಂಥದು.
ಮಸೂರದ ಮೇಲೊಂದು ಗೀರು; ಹಾಗಾಗಿ
ನಮ್ಮ ಎಲ್ಲ ಪ್ರಳಯಗಳಲ್ಲೂ
ಆಕಾಶದ ಎಡಮೂಲೆ ಬಿರುಕುಬಿಟ್ಟಿರುತ್ತದೆ.

ಇವತ್ತಿನದರಲ್ಲಿ ಬಾಂಬು ಬಿದ್ದು ಮೂವತ್ತು ವರ್ಷ.
ಮರ ಇಲ್ಲ, ಮಳೆ ಇಲ್ಲ, ಅಂಗಡಿ ಇಲ್ಲ.
ನಾಯಕಿಯ ಹುಬ್ಬು ಮಾತ್ರ ನಿನ್ನೆ ತಿದ್ದಿಸಿದಂತಿದೆ.
ರಷ್ಯನ್ನಿನಲ್ಲಿ ಮಾತು ಕೂರಿಸಿದವನು ಒಬ್ಬನೇ ಗಂಡಸು:
ನಾಯಕನಿಗೂ ನಾಯಕಿಗೂ ನಾಯಿಗೂ
ಅದೇ ನೆಗಡಿಯ ದನಿ.

‘ಪೆಟ್ರೋಲು ಎಲ್ಲಿಂದ ಬಂತು?’
ಶುರುವಾಯಿತು. ಸಾರ್ಸೆನ್‌ಬಾಯ್ ಎದ್ದು ನಿಂತಿದ್ದಾನೆ,
ಅವನ ತಲೆಯ ನೆರಳು ಮರುಭೂಮಿಯಲ್ಲೊಂದು ಗುಡ್ಡ.
‘ಮೂವತ್ತು ವರ್ಷ ಇಟ್ಟ ಪೆಟ್ರೋಲು ವಾರ್ನಿಷ್ ಆಗುತ್ತದೆ ಕಣ್ರೋ,
ಗಾಡಿ ಕೆಮ್ಮಲೂ ಆರದು!’
ಹಿಂದಿನಿಂದ ಯಾರೋ: ‘ಟೈರು?’
‘ಬ್ಯಾಟರಿ?’
‘ಕ್ಷೌರ ಮಾಡಿದವರು ಯಾರು?’
ಪರಾಖತ್, ಹತ್ತು ವರ್ಷದವ, ಬೆರಳು ಮಡಚುತ್ತ
ತಪ್ಪುಗಳ ಲೆಕ್ಕವಿಡುತ್ತಾನೆ. ಕೈಬೆರಳು ಮುಗಿದು
ಚಪ್ಪಲಿ ಕಳಚಿದ್ದಾನೆ.

ಚಿತ್ರದಲ್ಲಿ ಕಡಲು ಬತ್ತುವುದು ಒಂದೇ ರಾತ್ರಿಗೆ.
ಬೆಳಗಾಗುವಾಗ ನೆಲ ಒಡೆದಿದೆ, ಹಡಗು ವಾಲಿದೆ,
ಪಿಟೀಲು ಅಳುತ್ತಿದೆ.
ಬಿಬಿಯಾಯಿಮ್ ಸೂರ್ಯಕಾಂತಿ ಬೀಜದ ಸಿಪ್ಪೆ ಉಗಿದು ಹೇಳುತ್ತಾಳೆ:
‘ಹೀಗೆ ಬೇಗ ಮುಗಿಸಬೇಕು.’
ನಮ್ಮ ಅರಾಲ್ ದಿನಕ್ಕಿಷ್ಟು ಹೆಜ್ಜೆಯಂತೆ ಸರಿಯಿತು.
ಕಾಲುವೆ ತೋಡಿ ತೋಡಿ ಅದರ ಬೆನ್ನು ಹತ್ತಿದೆವು.
ಆಮೇಲೆ ದೂರದ ಸಾಗರಗಳ ಮೀನು
ಹಿಮಗಟ್ಟಿ ರೈಲಿನಲ್ಲಿ ಬಂತು.
ಇವಳು ಅದನ್ನೂ ಡಬ್ಬಿಗೆ ತುಂಬಿದಳು,
ಡಬ್ಬಿಯ ಮೇಲೆ ಹಳೆಯ ಚೀಟಿ, ನೀಲಿ ಅಲೆ.
ಆ ಕತೆಯಲ್ಲಿ ಒಂದೂ ತೂತಿರಲಿಲ್ಲ.
ನದಿ, ಹತ್ತಿ, ಸಹಿ, ಮೊಹರು
ಒಂದಕ್ಕೊಂದು ಕೊಂಡಿ ಹಾಕಿಕೊಂಡು
ಹನಿ ನೀರೂ ಸೋರದಂತೆ ಬಂದು ನಿಂತಿತು.

ಈ ಚಿತ್ರವೋ, ಜರಡಿ.
ಇಲ್ಲಿ ನಾಯಿ ಸಾಯುತ್ತದೆ, ಅರ್ಧ ಮುಗಿಯುವ ಮೊದಲೇ,
ನಾಯಕನ ತೊಡೆಯ ಮೇಲೆ, ಬಹಳ ಹೊತ್ತು ತಗೊಂಡು.
ಗುಂಡಿ ತೋಡಿ, ಮಣ್ಣು ಮಾಡಿ, ಕಲ್ಲಿಡುತ್ತಾನೆ.
ಬೆಂಚುಗಳಲ್ಲಿ ಮೂಗೊರೆಸುವ ಸದ್ದು.
ಎರಡು ದೃಶ್ಯದಾಚೆ, ಟ್ರಕ್ಕು ತಿರುವಿನಲ್ಲಿ ಹೊರಳುವಾಗ,
ಹಿಂದಿನ ಸೀಟಿನಲ್ಲಿ
ಅದೇ ನಾಯಿ, ನಾಲಗೆ ಚಾಚಿ, ಕಿವಿ ಗಾಳಿಗೆ ಬಿಟ್ಟು.

ಯಾರೂ ‘ತಪ್ಪು’ ಅನ್ನಲಿಲ್ಲ.
ಪರಾಖತ್ ಮಡಚಿದ್ದ ಕಾಲ್ಬೆರಳನ್ನು ಮೆಲ್ಲಗೆ ಬಿಡಿಸಿದ.
ಎಲ್ಲೋ ಒಂದು ಕತ್ತಲೆ ಕೋಣೆಯಲ್ಲಿ
ಸಂಬಳ ಸಾಲದ, ನಿದ್ದೆಗೆಟ್ಟ ಯಾರೋ
ತುಣುಕುಗಳನ್ನು ಅದಲುಬದಲು ಅಂಟಿಸಿದ
ಆ ಕೈತಪ್ಪಿನ ಸಣ್ಣ ಸಂದಿಯಿಂದ
ನುಸುಳಿ ಬಂದಿತ್ತದು, ಹೋದಲ್ಲಿಂದ.
ಚಪ್ಪಾಳೆ. ಸಾರ್ಸೆನ್‌ಬಾಯ್ ಸಿಳ್ಳೆ ಹಾಕಿದ.

ಡಿಸ್ಕು ಬದಲಿಸುವಾಗ ರೊಟ್ಟಿ ಹಂಚಿದರು. ಒಲೆಗೆ ಹಾಕುವ ಮುನ್ನ
ನಡುವಿಗೆ ಮುಳ್ಳಿನ ಅಚ್ಚೊತ್ತಿ ತೂತು ಮಾಡಿದ್ದು.
ತೂತಿಲ್ಲದ್ದು ಉಬ್ಬುತ್ತದೆ, ಉಬ್ಬಿದ್ದು ಒಲೆಗೋಡೆ ಬಿಟ್ಟು
ಕೆಂಡಕ್ಕೆ ಬೀಳುತ್ತದೆ.
ಇದನ್ನು ನಾನು ಯಾರಿಗೂ ಹೇಳಲಿಲ್ಲ. ಬಿಸಿಯಿತ್ತು, ತಿಂದೆವು.

ಕೊನೆಗೆ ಅವನಿಗೆ ಕಡಲು ಸಿಗುತ್ತದೆ.
ಮೊಣಕಾಲೂರಿ ಬೊಗಸೆ ತುಂಬಿ ಬಾಯಿಗೊಯ್ಯುತ್ತಾನೆ.
‘ಉಪ್ಪು! ಉಪ್ಪು!’ ಇಡೀ ಅಂಗಳ ಕೂಗಿತು,
‘ವಾಂತಿ ಮಾಡ್ಕೋತೀಯ, ಪೆದ್ದ!’
ಬಿಬಿಯಾಯಿಮ್ ಕೈಯೆತ್ತಿದಳು.
‘ಕುಡಿಯಲಿ ಬಿಡಿ. ಅಷ್ಟು ದೂರ ಬಂದಿದ್ದಾನೆ.’

ಸುಮ್ಮನಾದೆವು. ಅವನು ಕುಡಿದ.
ಬಿರುಕಿನ ಆಕಾಶದ ಕೆಳಗೆ ನೀರು
ಸುಣ್ಣದ ಚೌಕ ದಾಟಿ ಬರಿಯ ಇಟ್ಟಿಗೆಯ ಮೇಲೂ
ಒಂದು ಗೇಣು ಚೆಲ್ಲಿತ್ತು:
ಪ್ರೊಜೆಕ್ಟರಿಗೆ ಒತ್ತುಕೊಟ್ಟ ಮೀನಿನ ಡಬ್ಬಿ ಯಾವಾಗಲೋ ಜಾರಿದೆ.
ಸರಿಪಡಿಸಲು ಹೋಗಲಿಲ್ಲ.

ಮುಂದಿನ ವಾರದ್ದರಲ್ಲಿ ಹಿಮ ಕವಿದು ಲೋಕ ಮುಗಿಯುತ್ತದಂತೆ.
‘ನಾಯಿ ಇದೆಯಾ?’ ಕೇಳಿದ ಪರಾಖತ್,
ಒಂದೇ ಚಪ್ಪಲಿಯಲ್ಲಿ ಕುಂಟುತ್ತ,
ಕತ್ತಲಲ್ಲಿ ಇನ್ನೊಂದನ್ನು ಹುಡುಕುತ್ತ.