ಅಳತೆ ಪುಸ್ತಕ

ಮಸ್ಕತ್ತಿನ ಮತ್ರಾ ಬಜಾರು, ಒಳಗೆ ಎಸಿ ಕೆಮ್ಮುತ್ತದೆ.
ಮೋನಬ್ಬರ ಅಳತೆ ಪುಸ್ತಕದ ಕೊನೆಯ ಹಾಳೆಗಳಲ್ಲಿ
ನಾನೀಗ ಮದ್ದಿನ ಹೆಸರು ಬರೆಯುತ್ತೇನೆ.
ಡೊನೆಪೆಜಿಲ್ ಐದು, ಮುಂದಿನ ತಿಂಗಳು ಹತ್ತು.
ಮೆಮಂಟೈನ್ ಇನ್ನೂ ಬೇಡವಂತೆ.
ಹದಿನೈದು ದಿನಕ್ಕೊಮ್ಮೆ ನರಕ್ಕೆ ಹನಿಸುವ ಹೊಸದೊಂದುಂಟು;
ಬೆಲೆ ಕೇಳಿದೆ,
ರಿಯಾಲು ಎಣಿಸಿ ಬೆರಳು ಮುಗಿಯಿತು.
ಮಿದುಳಿನಲ್ಲಿ ರಕ್ತ ಜಿನುಗಬಹುದು ಎಂದರು ಡಾಕ್ಟರಮ್ಮ.
'ಬಹುದು' ಎಂಬಲ್ಲಿ ಎರಡು ಗೆರೆ ಎಳೆದಿದ್ದೇನೆ.

ಗುಣವಾಗುವುದಿಲ್ಲ, ತಡವಾಗುತ್ತದೆ, ಅಷ್ಟೇ.
ತಡ ಎಂದರೆ ಎಷ್ಟು?
ಪೆರ್ನಾಲಿನ ಮುನ್ನಾದಿನ ಗಿರಾಕಿಗಳು ಕೇಳುತ್ತಿದ್ದದ್ದೂ ಇದನ್ನೇ;
ಇವರು ಕತ್ತರಿ ನಿಲ್ಲಿಸದೆ
'ನಾಳೆ' ಅನ್ನುತ್ತಿದ್ದರು.

ಇವತ್ತು ನನ್ನ ಹೆಸರು ಸಿಗಲಿಲ್ಲ ಅವರಿಗೆ.
ಕೈಯಲ್ಲಿ ದಿಶ್‌ದಾಶದ ಕೊರಳ ಕುಚ್ಚು,
ಹೆಬ್ಬೆರಳು ತನ್ನಷ್ಟಕ್ಕೆ ದಾರ ಹೊಸೆಯುತ್ತಿತ್ತು.
ಪುಸ್ತಕ ತೆರೆದರು, ಕನ್ನಡಕ ಏರಿಸಿ ಓದಿದರು:
"ಐದು, ಹತ್ತು... ಯಾರ ಮಗುವಿಗೆ ಇದು?
ಇಷ್ಟು ಸಣ್ಣ ತೋಳು!"

ಟೇಪು ತೆಗೆದು ನನ್ನ ಭುಜಕ್ಕಿಟ್ಟರು,
ಮಣಿಕಟ್ಟಿನ ತನಕ ಎಳೆದು
ಇಪ್ಪತ್ತೆರಡು ಅಂದರು. ಸರಿಯಾಗಿಯೇ.
ಬರೆದುಕೊಂಡೆ,
ಮದ್ದುಗಳ ಕೆಳಗೆ.