ಪಾದದ ನಾಡಿ

ಎಂಟೂವರೆ ವರ್ಷ ಓದಿ ಬಂದವಳಿಗೆ
ವಿಕ್ಟೋರಿಯಾ ಆಸ್ಪತ್ರೆಯಲ್ಲಿ
ಫಿಲೋಮಿನಾ ಮೇಡಂ ಕೊಟ್ಟ ಮೊದಲ ಕೆಲಸ:
ಪಿಳ್ಳಪ್ಪನ ಪಾದದ ಮೇಲೆ ಎರಡು ಬೆರಳಿಡು.

ಕಲಾಸಿಪಾಳ್ಯದಲ್ಲಿ ಮೂಟೆ ಹೊತ್ತ ಕಾಲು.
ಹೆಬ್ಬೆರಳು ಆಗಲೇ ಸುಟ್ಟ ಬದನೆ.
"ಬ್ಯಾಡ ಕಣವ್ವಾ, ಕಾಲು ಮುಟ್ಟಬ್ಯಾಡ"
ಎಳೆದುಕೊಳ್ಳುತ್ತಿದ್ದ.

ಹೊಡೆಯುತ್ತಿದೆ ಮೇಡಂ, ಅಂದೆ.
ಅವರು ನನ್ನ ಇನ್ನೊಂದು ಮಣಿಕಟ್ಟು ಹಿಡಿದರು.
ಒಂದೊಂದೇ ಹೊಡೆತ ಹೇಳು, ಅಂದರು.
ಹೇಳಿದೆ.
"ಅದು ನಿನ್ನದೇ ಕಣೇ."

ಆಮೇಲೆ ಕಲಿತದ್ದು, ಡಾಪ್ಲರು, ಬಲೂನು,
ಕೂದಲೆಳೆಯ ತಂತಿ, ತೊಡೆಯಿಂದ ಹಿಮ್ಮಡಿಗೆ ಒಳದಾರಿ,
ಯಾವ ತಿರುವಿನಲ್ಲಿ ಸುಣ್ಣ ಕಟ್ಟುತ್ತದೆ,
ಎಲ್ಲ ಆ ಒಂದು ಮಾತಿನ ಅಡಿಟಿಪ್ಪಣಿ.

ಈಗ ಜಯನಗರದಲ್ಲಿ ನನ್ನ ಹೆಸರಿನ ಬೋರ್ಡು.
ದಿನವಿಡೀ ನಿಂತು ದುಡಿಯುವವರು,
ಟ್ರಾಫಿಕ್ ಪೊಲೀಸರು, ಅಂಗಡಿಯಲ್ಲಿ ಸೀರೆ ಮಡಚುವ ಹುಡುಗಿಯರು,
"ನರದ ಡಾಕ್ಟ್ರು ಎಲ್ಲಿ?" ಎಂದೇ ಕೇಳಿಕೊಂಡು ಬರುತ್ತಾರೆ.
ತಿದ್ದುವುದನ್ನು ಬಿಟ್ಟಿದ್ದೇನೆ.

ಬೆರಳಿಡುವ ಮುಂಚೆ ಇವತ್ತಿಗೂ
ನನ್ನ ನಾಡಿ ಎಣಿಸಿಕೊಳ್ಳುತ್ತೇನೆ.
ಅದನ್ನು ಕಳೆದು,
ಉಳಿಯುವುದಕ್ಕೆ ಕಾಯುತ್ತೇನೆ.

ಪಿಳ್ಳಪ್ಪನ ಲೆಕ್ಕದಲ್ಲಿ ಉಳಿದದ್ದು
ಮಂಚದಡಿಯಲ್ಲಿ ಒಂದು ಎಡ ಚಪ್ಪಲಿ.
ಯಾರಿಗೆ ಕೊಡಲಿ ಎಂದು ಆಯಾ
ನನ್ನನ್ನೇ ಕೇಳಿದ್ದಳು.